ರಿವಾಲ್ವರ್ ಬೇಕೋ, ಪಿಸ್ತೂಲು ಬೇಕೋ?

2024ರ ಅಕ್ಟೋಬರ್ 1ರ ಬೆಳಗಿನ ಜಾವ ಜುಹುವಿನ ಮನೆಯಲ್ಲಿ ನಟ ಗೋವಿಂದ ಅವರ ಕಾಲಿಗೆ ಗುಂಡು ತಗುಲಿತು. ಹಾರಿದ್ದು ಅವರದೇ ಲೈಸೆನ್ಸ್ ಇದ್ದ ರಿವಾಲ್ವರಿನಿಂದ. ಕೋಲ್ಕತ್ತಾಗೆ ಹೊರಡುವ ಮುನ್ನ ಕಪಾಟಿನಲ್ಲಿಡುವಾಗ ಕೈಜಾರಿ ಬಿದ್ದು ಸಿಡಿಯಿತು ಎಂದು ಅವರ ಕಡೆಯವರು ಹೇಳಿದರು. ಹನ್ನೊಂದೇ ದಿನದಲ್ಲಿ ಬಾಂದ್ರಾದಲ್ಲಿ ಬಾಬಾ ಸಿದ್ದೀಕಿ ಕೊಲೆಯಾಯಿತು, ಅದೂ ಪೊಲೀಸ್ ಕಾವಲಿಗ ಜೊತೆಗಿದ್ದಾಗಲೇ. ಆಮೇಲೆ ನಮ್ಮ ಹೋಟೆಲ್ ಉದ್ಯಮಿಗಳ ಮಾತುಕತೆಯಲ್ಲೂ ಈ ಪ್ರಶ್ನೆ ಬಂತು: ಇಟ್ಟುಕೊಳ್ಳುವುದಾದರೆ ಯಾವುದು? ಹಫ್ತಾ ಕರೆಗಳ ತೊಂಬತ್ತರ ದಶಕವನ್ನು ಕಂಡವರಿಗೆ ಇದು ಬರೀ ಹರಟೆಯಲ್ಲ.

ರಿವಾಲ್ವರಿನ ತಿರುಗುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಆರು ಗುಂಡು. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ತುಂಬಿದೆಯೋ ಖಾಲಿಯೋ ಎಂದು ಸಿಲಿಂಡರ್ ತೆರೆದರೆ ಕಣ್ಣಿಗೇ ಕಾಣುತ್ತದೆ. ಆದರೆ ಟ್ರಿಗರ್ ಬಿಗಿ, ಗುರಿ ಅಲುಗುತ್ತದೆ. ಇನ್ನೊಂದು ಅಪಾಯ: ತೀರಾ ಹಳೆಯ ಮಾದರಿಗಳಲ್ಲಿ ಹ್ಯಾಮರಿನ ಮೊನೆ ಗುಂಡಿನ ಬೆನ್ನಿಗೇ ತಾಗಿಕೊಂಡಿರುತ್ತದೆ, ಬಿದ್ದ ಪೆಟ್ಟಿಗೆ ಸಿಡಿಯಬಹುದು. ಅದಕ್ಕೇ ಹಳಬರು ಹ್ಯಾಮರಿನ ಎದುರಿನ ಒಂದು ಕೋಣೆಯನ್ನು ಖಾಲಿ ಬಿಡುತ್ತಿದ್ದರು. ಹೊಸ ಮಾದರಿಗಳಲ್ಲಿ ನಡುವೆ ತಡೆ ಇರುತ್ತದೆ.

ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಚಪ್ಪಟೆ, ಸೊಂಟದಲ್ಲಿ ಉಬ್ಬಿ ಕಾಣದು. .32ರ ಮ್ಯಾಗಝಿನಿನಲ್ಲಿ ಏಳೆಂಟು ಗುಂಡು, ಬದಲಿಸುವುದೂ ಬೇಗ. ಆದರೆ ಗುಂಡು ಸಿಕ್ಕಿಕೊಂಡರೆ ಸ್ಲೈಡ್ ಎಳೆದು ಬಿಡಿಸಬೇಕು. ಮಣಿಕಟ್ಟು ಸಡಿಲವಾಗಿ ಹಿಡಿದರೂ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮ್ಯಾಗಝಿನ್ ತೆಗೆದ ಮೇಲೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. 'ಖಾಲಿ' ಪಿಸ್ತೂಲಿನಿಂದ ಜನ ಸಾಯುವುದು ಹೀಗೆ.

ಅಮೆರಿಕದ ಯೂಟ್ಯೂಬ್ ಪಂಡಿತರ ಮಾತು ಇಲ್ಲಿ ಅರ್ಧವೂ ನಡೆಯದು. ಅವರ ಪ್ರೀತಿಯ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್. ಸಾಮಾನ್ಯ ನಾಗರಿಕನ ಕೈಗೆ ಸಿಗುವುದು ಹೆಚ್ಚಾಗಿ .32. ಕಾನ್ಪುರದ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ತಂದ 'ನಿರ್ಭೀಕ್' ಕೂಡ ಅದೇ ಬೋರಿನ ರಿವಾಲ್ವರ್: ಅರ್ಧ ಕಿಲೋ ತೂಕ, ಆಗಿನ ಬೆಲೆ ಸುಮಾರು 1.22 ಲಕ್ಷ. ಗುಂಡುಗಳೂ ಲೈಸೆನ್ಸಿನಲ್ಲಿ ಬರೆದಷ್ಟೇ. ಕೊಡವರಿಗೆ ಇರುವ ವಿನಾಯಿತಿ ಉದ್ದ ಕೋವಿಗೆ ಮಾತ್ರ. ಮುಂಬಯಿಯಲ್ಲಿರುವ ಕೊಡವ ಗೆಳೆಯನೂ ರಿವಾಲ್ವರಿಗೆ ಪೊಲೀಸ್ ಕಮಿಷನರ್ ಕಚೇರಿಗೇ ಅರ್ಜಿ ಹಾಕಬೇಕು.

ನನ್ನ ಅಭಿಪ್ರಾಯ ಕೇಳಿದರೆ, ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗಿ ಅಭ್ಯಾಸ ಮಾಡುವವರಿಗೆ ಪಿಸ್ತೂಲು. ಡೊಂಬಿವಲಿಯಿಂದ ಲೋಕಲ್ ಹಿಡಿದು ರಾತ್ರಿ ಹತ್ತಕ್ಕೆ ಮನೆ ಸೇರುವ ನಮ್ಮಂಥವರಿಗೆ ಆ ಪುರುಸೊತ್ತು ಎಲ್ಲಿ? ನಿಜವಾದ ಬೆದರಿಕೆ ಇದ್ದು ಲೈಸೆನ್ಸ್ ಸಿಕ್ಕರೆ, ಅಂಥವರಿಗೆ ತಡೆ ಇರುವ ಹೊಸ ರಿವಾಲ್ವರೇ ಸರಿ. ಅಜ್ಜನ ಕಾಲದ್ದು ಮನೆಯಲ್ಲಿದ್ದರೆ ಮೊದಲು ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ತೋರಿಸಿ. 500 ಚದರಡಿಯ ಫ್ಲಾಟಿನಲ್ಲಿ ಮಕ್ಕಳ ಕೈಗೆಟುಕದ ಜಾಗವೇ ಇಲ್ಲ. ಆದ್ದರಿಂದ ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಪೆಟ್ಟಿಗೆಯನ್ನು ಆಯುಧಕ್ಕಿಂತ ಮೊದಲೇ ಕೊಳ್ಳಿ, ಕೀಲಿ ನಿಮ್ಮ ಹತ್ತಿರವೇ ಇರಲಿ.