ಮೋಟಾರಿನ ತಾಕತ್ತು ಅಳೆಯಲು ಅಡುಗೆಮನೆಯ ತಕ್ಕಡಿ

ಹೊಸ ಮಾದರಿಯ ಸೀಲಿಂಗ್ ಫ್ಯಾನು, ಬ್ಯಾಟರಿ ಸ್ಕೂಟರು, ಡ್ರೋನು ಇವೆಲ್ಲವನ್ನೂ ತಿರುಗಿಸುವುದು ಬ್ರಷ್ ಇಲ್ಲದ ಡಿ.ಸಿ. ಮೋಟಾರು. ಹಳೆಯ ಡಿ.ಸಿ. ಮೋಟಾರಿನಲ್ಲಿ ಇಂಗಾಲದ ಬ್ರಷ್‌ಗಳು ತಿರುಗುವ ಭಾಗವನ್ನು ಉಜ್ಜುತ್ತ ವಿದ್ಯುತ್ ಮುಟ್ಟಿಸುತ್ತವೆ. ಸವೆಯುತ್ತವೆ, ಕಿಡಿ ಹಾರಿಸುತ್ತವೆ. ಈ ಕೆಲಸವನ್ನು ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಗೆ ಒಪ್ಪಿಸುವ ಬಗೆಯನ್ನು ಅಮೆರಿಕದ ವಿಲ್ಸನ್ ಮತ್ತು ಟ್ರಿಕಿ 1962ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದರು. ಇಲ್ಲಿ ಸುರುಳಿಗಳು ನಿಂತಲ್ಲೇ ಇರುತ್ತವೆ, ಕಾಂತಗಳು ತಿರುಗುತ್ತವೆ.

ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲೂ ಈ ಮೋಟಾರು ಸಾಮಾನ್ಯ. ಆದರೆ ಪೆಟ್ಟಿಗೆಯ ಮೇಲಿನ ಅಂಕಿಗಳನ್ನಷ್ಟೇ ನಂಬಿದರೆ ಸುರುಳಿ ಸುಟ್ಟು, ಅಪ್ಪ ಅಮ್ಮ ಕೊಟ್ಟ ಹಣವೂ ಪರೀಕ್ಷೆಗೆ ಮುಂಚಿನ ಅಮೂಲ್ಯ ದಿನಗಳೂ ಕೈಬಿಟ್ಟು ಹೋಗುವುದುಂಟು. ಮೇಜಿನ ಮೇಲೆ ಒಮ್ಮೆ ಪರೀಕ್ಷಿಸಿಬಿಟ್ಟರೆ ಈ ನಷ್ಟ ತಪ್ಪುತ್ತದೆ.

ಬೇಕಾದ ಸಾಮಗ್ರಿ

ಹಳೆಯ ಕಂಪ್ಯೂಟರಿನ 12 ವೋಲ್ಟ್ ಪವರ್ ಸಪ್ಲೈ, ಮೋಟಾರಿನ ವೇಗ ನಿಯಂತ್ರಕ, ಡಿ.ಸಿ. ವಾಟ್ ಮೀಟರು, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಎರಡು ಬೇರಿಂಗು, ಒಂದು ಹಲಗೆ. ಸಾಧಾರಣ ಮಲ್ಟಿಮೀಟರಿನ ಮಿತಿ ಹೆಚ್ಚಾಗಿ 10 ಆಂಪಿಯರ್. ಆದ್ದರಿಂದ ಕರೆಂಟು ಅಳೆಯಲು ವಾಟ್ ಮೀಟರೇ ಲೇಸು.

ಮೊದಲು ಹೊರೆ ಇಲ್ಲದೆ ಓಡಿಸಿ. ಮೋಟಾರಿನ ಮೇಲೆ 800 ಕೆ.ವಿ. ಎಂದಿದ್ದರೆ ಅದನ್ನು ಕಿಲೋವೋಲ್ಟ್ ಎಂದು ತಿಳಿಯಬಾರದು. ಒಂದು ವೋಲ್ಟಿಗೆ ನಿಮಿಷಕ್ಕೆ ಸುಮಾರು 800 ಸುತ್ತು ಎಂದರ್ಥ. 11 ವೋಲ್ಟಿಗೆ 8,800ರ ಆಸುಪಾಸು ಬರಬೇಕು. ತೀರಾ ವ್ಯತ್ಯಾಸ ಕಂಡರೆ ಪೆಟ್ಟಿಗೆಯ ಮೇಲಿನ ಬರಹ ಸಂಶಯಾಸ್ಪದ.

ಮುಂದೆ ಹೊರೆಯ ಪರೀಕ್ಷೆ. ಮೋಟಾರನ್ನು ಹಲಗೆಗೆ ಬಿಗಿದು, ಅದರ ದಂಡದ ನೇರಕ್ಕೇ ಹಲಗೆಯೂ ಬೇರಿಂಗುಗಳ ಮೇಲೆ ಸಲೀಸಾಗಿ ಹೊರಳುವಂತೆ ಕೂರಿಸಿ. ದಂಡಕ್ಕೆ ಪ್ರೊಪೆಲರ್ ಹಾಕಿ. ಪ್ರೊಪೆಲರ್ ಒಂದು ಕಡೆ ತಿರುಗಿದರೆ ಮೋಟಾರಿನ ಒಡಲು ಅಷ್ಟೇ ಬಲದಿಂದ ಇನ್ನೊಂದು ಕಡೆ ಹೊರಳಲು ನೋಡುತ್ತದೆ. ಇದು ನ್ಯೂಟನ್‌ನ ಮೂರನೆಯ ನಿಯಮ. ಹಲಗೆಗೆ ಜೋಡಿಸಿದ 10 ಸೆಂಟಿಮೀಟರ್ ಉದ್ದದ ತೋಳು ಆ ಬಲವನ್ನು ತಕ್ಕಡಿಯ ಮೇಲೆ ಒತ್ತುತ್ತದೆ. ಪ್ರೊಪೆಲರಿನ ಗಾಳಿ ತಕ್ಕಡಿಗೆ ತಾಗಬಾರದು.

ಲೆಕ್ಕ ಹೀಗೆ

ತಕ್ಕಡಿ 100 ಗ್ರಾಂ ಹೆಚ್ಚು ತೋರಿಸಿತೆನ್ನಿ. ಬಲ 0.98 ನ್ಯೂಟನ್, ತೋಳಿನ 0.1 ಮೀಟರಿನಿಂದ ಗುಣಿಸಿದರೆ ಟಾರ್ಕ್ 0.098 ನ್ಯೂಟನ್ ಮೀಟರ್. ವೇಗ ನಿಮಿಷಕ್ಕೆ 8,000 ಸುತ್ತು, ಅಂದರೆ ಸೆಕೆಂಡಿಗೆ 838 ರೇಡಿಯನ್. ಎರಡನ್ನೂ ಗುಣಿಸಿದರೆ ಹೊರಬಂದ ಶಕ್ತಿ 82 ವಾಟ್. ಒಳಹೋದದ್ದು 11 ವೋಲ್ಟ್, 9.5 ಆಂಪಿಯರ್, ಎಂದರೆ 104.5 ವಾಟ್. ಒಟ್ಟು ದಕ್ಷತೆ ಶೇಕಡಾ 78. ಉಳಿದ 22 ವಾಟ್ ಮೋಟಾರಿನಲ್ಲೂ ನಿಯಂತ್ರಕದಲ್ಲೂ ಬಿಸಿಯಾಗಿ ಹೋಯಿತು.

ವೇಗ ಅಳೆಯುವ ಉಪಕರಣ ಇಲ್ಲವೆ? ಮೊಬೈಲಿನಲ್ಲಿ ಸದ್ದು ದಾಖಲಿಸಿ ಅದರ ಆವರ್ತನ ನೋಡಿದರೂ ಆದೀತು. ಎರಡು ರೆಕ್ಕೆಯ ಪ್ರೊಪೆಲರ್ 8,000 ಸುತ್ತಿನಲ್ಲಿ ಸುಮಾರು 267 ಹರ್ಟ್ಸ್ ಸ್ವರ ಹೊರಡಿಸುತ್ತದೆ.

ಒಂದು ಮಾತು ನೆನಪಿರಲಿ. ಕರೆಂಟು ಎರಡು ಪಟ್ಟಾದರೆ ಸುರುಳಿಯ ಬಿಸಿ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತವೆ. ಆದ್ದರಿಂದ ಕೆಲವೇ ಸೆಕೆಂಡು ಓಡಿಸಿ, ಅಂಕಿ ಬರೆದುಕೊಂಡು, ತಣಿಯಲು ಬಿಡಬೇಕು.

ಪೋಷಕರ ಗಮನಕ್ಕೆ: ಮುರಿದ ಪ್ರೊಪೆಲರ್ ಚೂರು ತಿರುಗುವ ನೇರಕ್ಕೆ ಸಿಡಿಯುತ್ತದೆ. ಆ ನೇರದಲ್ಲಿ ಯಾರೂ ನಿಲ್ಲಬಾರದು. ಕಣ್ಣಿಗೆ ಕನ್ನಡಕ ಇರಲೇಬೇಕು. ಪವರ್ ಸಪ್ಲೈಯ ಡಬ್ಬಿಯನ್ನು ಬಿಚ್ಚಕೂಡದು. ಮಕ್ಕಳು ಒಬ್ಬರೇ ಇದ್ದಾಗ ಈ ಪ್ರಯೋಗ ಬೇಡ.

ಫ್ರಾನ್ಸಿನ ಪ್ರೋನಿ 1821ರಲ್ಲಿ ಯಂತ್ರಗಳ ಶಕ್ತಿ ಅಳೆಯಲು ರೂಪಿಸಿದ ಬ್ರೇಕಿನಲ್ಲೂ ಇದ್ದದ್ದು ಒಂದು ತೋಳು, ಅದರ ತುದಿಗೊಂದು ತೂಕ. ದುಬಾರಿ ಪ್ರಯೋಗಶಾಲೆ ಇಲ್ಲದ ಊರಿನ ವಿದ್ಯಾರ್ಥಿಯೂ ಅದೇ ಉಪಾಯದಿಂದ ತನ್ನ ಮೋಟಾರಿನ ನಿಜವಾದ ತಾಕತ್ತನ್ನು ತಾನೇ ಬರೆದಿಟ್ಟುಕೊಳ್ಳಬಹುದು.