ಪೊಟ್ಟಣದ ಮೇಲಿನ ಪದಕಕ್ಕೆ ಲೆಕ್ಕ ಕೇಳಬೇಕು

ಮುಖಕ್ಕೆ ಹಚ್ಚುವ ಕ್ರೀಮು, ತಲೆಗೆ ಹಾಕುವ ಶಾಂಪೂ, ತುಟಿಗೆ ಬಳಿಯುವ ಬಣ್ಣ, ಯಾವುದನ್ನೇ ಕೈಗೆತ್ತಿಕೊಂಡರೂ ಬೆಲೆ ಮತ್ತು ತಯಾರಿಕೆಯ ದಿನಾಂಕದ ಆಸುಪಾಸಿನಲ್ಲಿ ಬಂಗಾರದ ಬಣ್ಣದ ಒಂದು ದುಂಡು ಮುದ್ರೆ ಕಾಣುವುದು ಈಗ ಮಾಮೂಲಾಗಿದೆ. 'ವರ್ಷದ ಅತ್ಯುತ್ತಮ', 'ತಜ್ಞರ ಆಯ್ಕೆ', 'ಚಿನ್ನದ ಪದಕ' ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಕೊಳ್ಳುವವರು ಅದನ್ನು ನಂಬುವುದರಲ್ಲಿ ಆಶ್ಚರ್ಯವಿಲ್ಲ. ಹಿಂಬದಿಯಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವ ರಾಸಾಯನಿಕಗಳ ಪಟ್ಟಿಯನ್ನು ಓದಿ ಒಳ್ಳೆಯದು ಯಾವುದು ಎಂದು ತೀರ್ಮಾನಿಸುವುದು ಬಹುಪಾಲು ಜನರಿಗೆ ಆಗದ ಮಾತು. ತಿಳಿದವರು ಯಾರೋ ನಮ್ಮ ಪರವಾಗಿ ಪರೀಕ್ಷಿಸಿದ್ದಾರೆ ಎಂಬ ಭರವಸೆಯನ್ನು ಆ ಮುದ್ರೆ ಕೊಡುತ್ತದೆ. ಅದು ನಿಜವಾಗಿದ್ದರೆ ಪ್ರಶಸ್ತಿ ಬಹಳ ಉಪಯೋಗದ ವ್ಯವಸ್ಥೆ. ಆದರೆ ಪರೀಕ್ಷೆ ಹೇಗೆ ನಡೆಯಿತು, ಯಾರು ನಡೆಸಿದರು, ಎಷ್ಟು ಉತ್ಪನ್ನಗಳಲ್ಲಿ ಎಷ್ಟಕ್ಕೆ ಪದಕ ಸಿಕ್ಕಿತು, ಖರ್ಚು ಯಾರದು ಎಂಬುದನ್ನು ಬಹಿರಂಗವಾಗಿ ಹೇಳದ ಪ್ರಶಸ್ತಿಯಿಂದ ಕೊಳ್ಳುವವರಿಗೆ ಉಪಯೋಗವಿಲ್ಲ, ಗೆದ್ದವರಿಗೂ ಗೌರವವಿಲ್ಲ ಎಂಬುದು ಈ ಲೇಖನದ ವಾದ.

ಚಿನ್ನದ ಪದಕ ಎಂದಕೂಡಲೇ ಒಬ್ಬರು ಗೆದ್ದು ಉಳಿದವರು ಸೋತರು ಎಂದು ನಾವು ತಿಳಿಯುತ್ತೇವೆ. ಅನೇಕ ಉತ್ಪನ್ನ ಪ್ರಶಸ್ತಿಗಳು ಹಾಗಿರುವುದಿಲ್ಲ. 1961ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ, ತಿಂಡಿ ಪಾನೀಯಗಳಿಂದ ಹಿಡಿದು ಸೌಂದರ್ಯವರ್ಧಕಗಳವರೆಗೆ ಪರೀಕ್ಷಿಸುವ ಮೊಂಡ್ ಸೆಲೆಕ್ಷನ್ ಸಂಸ್ಥೆಯನ್ನೇ ನೋಡಿ. ಅಲ್ಲಿ ಉತ್ಪನ್ನಗಳ ನಡುವೆ ಸ್ಪರ್ಧೆಯೇ ಇಲ್ಲ. ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಅಂಕ ಹಾಕುತ್ತಾರೆ. ನೂರಕ್ಕೆ 60 ದಾಟಿದರೆ ಕಂಚು, 70 ದಾಟಿದರೆ ಬೆಳ್ಳಿ, 80 ದಾಟಿದರೆ ಚಿನ್ನ, 90 ದಾಟಿದರೆ ಮಹಾಚಿನ್ನ. ನಮ್ಮ ಪರೀಕ್ಷೆಗಳಲ್ಲಿ ಪ್ರಥಮ ದರ್ಜೆ ಎಷ್ಟು ಮಂದಿಗಾದರೂ ಸಿಗುತ್ತದಲ್ಲ, ಇದೂ ಹಾಗೆಯೇ. ಈ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಸಂಸ್ಥೆ ಅದನ್ನು ಮುಚ್ಚಿಟ್ಟೂ ಇಲ್ಲ. ತೊಂದರೆಯಾಗುವುದು ಆ ಚಿನ್ನ ಪೊಟ್ಟಣದ ಮೇಲೆ ಬಂದು ಕುಳಿತಾಗ. ಓದುವವರಿಗೆ ಅದು 'ಎಲ್ಲರಿಗಿಂತ ಮೇಲು' ಎಂದೇ ಕಾಣುತ್ತದೆ. ಇದರ ಜೊತೆಗೆ ಹಣದ ವಿಚಾರವೂ ಇದೆ. ಜಗತ್ತಿನ ಅನೇಕ ಸೌಂದರ್ಯ ಪ್ರಶಸ್ತಿಗಳಲ್ಲಿ ಉತ್ಪನ್ನವನ್ನು ಕಳಿಸುವಾಗ ಪ್ರವೇಶ ಶುಲ್ಕ ಕಟ್ಟಬೇಕು. ಗೆದ್ದ ಮೇಲೆ ಆ ಮುದ್ರೆಯನ್ನು ಪೊಟ್ಟಣದಲ್ಲೂ ಜಾಹೀರಾತಿನಲ್ಲೂ ಬಳಸುವುದಕ್ಕೆ ಕೆಲವು ಕಡೆ ಇನ್ನೊಂದು ಶುಲ್ಕವಿದೆ. ಹೀಗಾಗಿ 'ಅತ್ಯುತ್ತಮ' ಎಂದರೆ ಮಾರುಕಟ್ಟೆಯಲ್ಲಿರುವ ಎಲ್ಲವುಗಳಲ್ಲಿ ಅತ್ಯುತ್ತಮ ಎಂದಾಗುವುದಿಲ್ಲ, ಶುಲ್ಕ ಕಟ್ಟಿ ಬಂದವುಗಳಲ್ಲಿ ಅತ್ಯುತ್ತಮ ಎಂದಷ್ಟೇ ಆಗುತ್ತದೆ.

ಹಣದ ಮಾತು ಪಕ್ಕಕ್ಕಿಟ್ಟು, ತೀರ್ಪುಗಾರರು ಅಪ್ಪಟ ಪ್ರಾಮಾಣಿಕರು ಎಂದೇ ಇಟ್ಟುಕೊಳ್ಳೋಣ. ಪ್ರಾಮಾಣಿಕತೆಯೊಂದೇ ಸಾಲದು ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯಗಳಿವೆ. ಅವು ಸಿಕ್ಕಿರುವುದು ಬೇರೆ ಕ್ಷೇತ್ರಗಳಲ್ಲಿ. ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಜ್‌ಸನ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಬೇರೆಬೇರೆ ಲೋಟದಲ್ಲಿ ಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಹಾಕಿದವರು ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ. ಉಳಿದವರೆಲ್ಲ ಅನುಭವಿಗಳೇ, ಅವರ ಉದ್ದೇಶದಲ್ಲಿ ಕೆಡುಕೂ ಇರಲಿಲ್ಲ. ನಾಲಿಗೆ ಮತ್ತು ಮನಸ್ಸು ಅಷ್ಟು ಸ್ಥಿರವಲ್ಲ, ಅಷ್ಟೆ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯ ದಾಖಲೆಗಳನ್ನು ಅಧ್ಯಯನ ಮಾಡಿದ ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ಸಂಶೋಧಕರು, ಫೈನಲ್‌ನಲ್ಲಿ ಯಾವ ದಿನ ನುಡಿಸಿದರು ಎಂಬುದು ಸ್ಥಾನದ ಮೇಲೆ ಪರಿಣಾಮ ಬೀರುತ್ತದೆ, ಮೊದಲ ದಿನ ನುಡಿಸಿದವರಿಗೆ ಹಾನಿಯಾಗುತ್ತದೆ ಎಂದು 1996ರಲ್ಲಿ ತೋರಿಸಿದರು. ಆ ಸರದಿ ತೀರ್ಮಾನವಾಗುವುದು ಚೀಟಿ ಎತ್ತುವ ಮೂಲಕ! ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನಿಗೆ 10 ಡಾಲರ್ ಎಂದು ಒಮ್ಮೆ, 90 ಡಾಲರ್ ಎಂದು ಇನ್ನೊಮ್ಮೆ ಹೇಳಿದಾಗ, ದುಬಾರಿ ಎಂದು ಕೇಳಿದಾಗಲೇ ಅದು ಜನರಿಗೆ ಹೆಚ್ಚು ರುಚಿಸಿತು. ಕ್ರೀಮು, ಅತ್ತರು, ಲಿಪ್‌ಸ್ಟಿಕ್‌ಗಳಲ್ಲಿ ಬೆಲೆಗೆ, ಡಬ್ಬಿಯ ತೂಕಕ್ಕೆ, ಹೆಸರಿಗೆ ಇರುವ ಸೆಳೆತ ವೈನಿಗಿಂತ ಕಡಿಮೆ ಎಂದು ನಂಬುವುದಕ್ಕೆ ಯಾವ ಕಾರಣವೂ ಇಲ್ಲ.

ಆದ್ದರಿಂದ ನ್ಯಾಯವಾದ ತೀರ್ಪಿನ ಮೊದಲ ಮೆಟ್ಟಿಲು ಹೆಸರನ್ನು ಮರೆಮಾಡುವುದು. ಉತ್ಪನ್ನವನ್ನು ಅದರ ಡಬ್ಬಿಯಿಂದ ತೆಗೆದು, ಸಂಖ್ಯೆ ಮಾತ್ರ ಬರೆದ ಒಂದೇ ಬಗೆಯ ಬಿಳಿ ಡಬ್ಬಿಗಳಿಗೆ ತುಂಬಿ ಕೊಡಬೇಕು. ಪ್ರತಿ ತೀರ್ಪುಗಾರರಿಗೂ ಬೇರೆ ಬೇರೆ ಸರದಿಯಲ್ಲಿ ಕೊಡಬೇಕು. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು ಹಚ್ಚಿ ಹೋಲಿಸುವ ಪದ್ಧತಿ ಚರ್ಮದ ಉತ್ಪನ್ನಗಳ ಪರೀಕ್ಷೆಯಲ್ಲಿ ರೂಢಿಯಲ್ಲಿದೆ. ಒಬ್ಬರ ಚರ್ಮಕ್ಕೂ ಇನ್ನೊಬ್ಬರ ಚರ್ಮಕ್ಕೂ ಇರುವ ವ್ಯತ್ಯಾಸ ಅದರಿಂದ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. ಹಾಜ್‌ಸನ್ ಮಾಡಿದಂತೆ ಒಂದೇ ಮಾದರಿಯನ್ನು ಗುಟ್ಟಾಗಿ ಎರಡು ಸಲ ಕೊಟ್ಟರೆ ಯಾರ ಅಂಕ ಎಷ್ಟು ಸ್ಥಿರ ಎಂಬುದೂ ತಿಳಿಯುತ್ತದೆ. ಸೌಂದರ್ಯವರ್ಧಕಗಳಲ್ಲಿ ಡಬ್ಬಿಯ ಅಂದವೂ ಉತ್ಪನ್ನದ ಭಾಗವೇ, ಅದನ್ನು ಮುಚ್ಚಿಟ್ಟು ನೋಡುವುದು ಅರ್ಧ ತೀರ್ಪು ಎಂದು ಉದ್ಯಮದವರು ಹೇಳುತ್ತಾರೆ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕ್ರೀಮನ್ನು ಗಾಳಿಗೆ ಕೆಡದಂತೆ ಕಾಯುವ ಪಂಪು, ವಯಸ್ಸಾದವರ ಕೈಗೂ ಸುಲಭವಾಗಿ ತೆರೆಯುವ ಮುಚ್ಚಳ, ಇವು ನಿಜವಾದ ಗುಣಗಳು. ಆದರೆ ಅವನ್ನು ಎರಡನೆಯ ಸುತ್ತಿನಲ್ಲಿ, ಬೇರೆ ಅಂಕಪಟ್ಟಿಯಲ್ಲಿ ಅಳೆಯಬಹುದು. ಒಳಗಿನದಕ್ಕೆ ಅಂಕ ಹಾಕಿ ಮುಗಿಸುವ ಮುಂಚೆಯೇ ಹೊರಗಿನದನ್ನು ತೋರಿಸಬೇಕಾದ ಅಗತ್ಯವಿಲ್ಲ.

ಇನ್ನು, ತೀರ್ಪುಗಾರರು ಎಷ್ಟೇ ಪಳಗಿದವರಾದರೂ ಅವರ ಬೆರಳಿಗೆ ಸಿಗದ ಸಂಗತಿಗಳಿವೆ. ಕ್ರೀಮು ಜಿಡ್ಡೋ ಅಲ್ಲವೋ, ಅಂಟುತ್ತದೋ ಇಲ್ಲವೋ, ಪರಿಮಳ ಹಿತವೋ ಅಲ್ಲವೋ ಎಂದು ಅವರು ಹೇಳಬಲ್ಲರು. ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆ ಎಂದು ಹಚ್ಚಿ ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಕನಿಷ್ಠ 10 ಸ್ವಯಂಸೇವಕರ ಬೆನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಹಚ್ಚಿ, ಅಳತೆಯ ನೇರಳಾತೀತ ಬೆಳಕು ಬಿಟ್ಟು, ಚರ್ಮ ಕೆಂಪಾಗಲು ಎಷ್ಟು ಬೆಳಕು ಬೇಕಾಯಿತು ಎಂದು ನೋಡಬೇಕು. 2025ರಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಸಂಸ್ಥೆ ಚಾಯ್ಸ್ ಹೀಗೆ 20 ಜನಪ್ರಿಯ ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆಗೆ ಕೊಟ್ಟಾಗ 16 ಉತ್ಪನ್ನಗಳು ಡಬ್ಬಿಯ ಮೇಲೆ ಬರೆದಿದ್ದ ಎಸ್‌ಪಿಎಫ್ (ಬಿಸಿಲು ತಡೆಯುವ ಅಂಕ) ಮುಟ್ಟಲಿಲ್ಲ. ಐವತ್ತಕ್ಕೂ ಮೇಲು ಎಂದು ಹೇಳಿಕೊಂಡಿದ್ದ ಒಂದಕ್ಕೆ ಸಿಕ್ಕಿದ್ದು 4. ಕೆಲವೇ ತಿಂಗಳಲ್ಲಿ ತಯಾರಕರು ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಹಗುರ, ಅಂಟು ಇಲ್ಲ, ಬಿಳಿ ಮೆತ್ತುವುದಿಲ್ಲ ಎಂದಷ್ಟೇ ನೋಡಿ ಸನ್‌ಸ್ಕ್ರೀನಿಗೆ ಬಹುಮಾನ ಕೊಡುವುದು ಅಪಾಯಕಾರಿ, ಏಕೆಂದರೆ ಆ ಗುಣಗಳೆಲ್ಲ ರಕ್ಷಣೆ ಕಡಿಮೆಯಿರುವ ಕ್ರೀಮಿನಲ್ಲೂ ಸಿಗುತ್ತವೆ. ಅಳೆಯಬಹುದಾದದ್ದನ್ನು ಅಳೆದೇ ತೀರಬೇಕು. ಅಳತೆಯ ಗುರುತು ಹೇಗಿರುತ್ತದೆ ಎಂಬುದು ನಮ್ಮ ಬಚ್ಚಲುಮನೆಯಲ್ಲೇ ಇದೆ. ಸ್ನಾನದ ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಬರೆದಿರುತ್ತದೆ. ಅಂದರೆ ಅದರಲ್ಲಿರುವ ಕೊಬ್ಬಿನಾಂಶ. ಭಾರತೀಯ ಮಾನಕದ ಪ್ರಕಾರ ಅದು ನೂರಕ್ಕೆ 76 ಇದ್ದರೆ ಗ್ರೇಡ್ 1, 70 ಇದ್ದರೆ ಗ್ರೇಡ್ 2, 60 ಇದ್ದರೆ ಗ್ರೇಡ್ 3. ಮೈಸೂರು ಸ್ಯಾಂಡಲ್ ಗ್ರೇಡ್ 1 ಸಾಬೂನು ಎನ್ನುವುದು ಯಾರ ಅಭಿರುಚಿಯನ್ನೂ ನೆಚ್ಚಿಕೊಂಡ ಮಾತಲ್ಲ. ಅದೇ ಸಾಬೂನಿಗೆ 2006ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆ ಇನ್ನೊಂದು ಬಗೆಯ ಮನ್ನಣೆ. ಅದು ಹೇಳುವುದು ಎಲ್ಲಿಯದು ಎಂದು. ಅದರ ಗಂಧ ಯಾರಿಗೆ ಎಷ್ಟು ಇಷ್ಟ ಎಂಬುದು ಮೂರನೆಯ ಪ್ರಶ್ನೆ. ಮೂರನ್ನೂ ಕಲಸಿ ಒಂದೇ ಪದಕ ಮಾಡಿದಾಗ ಯಾವುದೂ ಸ್ಪಷ್ಟವಾಗಿ ಉಳಿಯುವುದಿಲ್ಲ.

ಯಾರ ಚರ್ಮದ ಮೇಲೆ ಪರೀಕ್ಷಿಸಿದರು ಎಂದು ಕೇಳುವವರು ಕಡಿಮೆ. ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬ ಆಧಾರದ ಮೇಲೆ 1975ರಲ್ಲಿ ರೂಪುಗೊಂಡ ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣ ಮೊದಲಿಗೆ ಬಿಳಿಯ ಚರ್ಮವನ್ನೇ ಗಮನದಲ್ಲಿಟ್ಟುಕೊಂಡಿತ್ತು. ಕಂದು ಮತ್ತು ಕಪ್ಪು ಬಣ್ಣದ ಚರ್ಮದ ವರ್ಗಗಳು ಸೇರಿದ್ದು ಆಮೇಲೆ. 2017ರಲ್ಲಿ ಫೆಂಟಿ ಬ್ಯೂಟಿ ಕಂಪನಿ 40 ಛಾಯೆಗಳ ಫೌಂಡೇಶನ್ ತಂದಾಗ ಅದು ದೊಡ್ಡ ಸುದ್ದಿಯಾಯಿತು ಎಂದರೆ, ಅಲ್ಲಿಯವರೆಗೆ ಗಾಢ ಬಣ್ಣದ ಮುಖಗಳನ್ನು ಉದ್ಯಮ ಎಷ್ಟು ಕಡೆಗಣಿಸಿತ್ತು ಎಂದು ತಿಳಿಯುತ್ತದೆ. ತೀರ್ಪುಗಾರರೆಲ್ಲ ಒಂದೇ ಬಣ್ಣದವರಾಗಿದ್ದರೆ ಬೂದು ಬಳಿದಂತೆ ಕಾಣುವ ಸನ್‌ಸ್ಕ್ರೀನಿಗೂ ಪೂರ್ತಿ ಅಂಕ ಸಿಕ್ಕೀತು. ಹವೆ, ನೀರಿನ ವಿಚಾರವೂ ಹೀಗೆಯೇ. ಮಂಗಳೂರಿನ ಸೆಕೆಯಲ್ಲಿ ಕರಗಿ ಇಳಿಯುವ ಕಾಡಿಗೆ ಕಲಬುರಗಿಯ ಒಣ ಬಿಸಿಲಲ್ಲಿ ನಿಂತೀತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ನೊರೆಯನ್ನು ಕಟ್ಟಿಹಾಕುತ್ತವೆ; ಮೆದು ನೀರಿನ ಊರಿನಲ್ಲಿ ಗೆದ್ದ ಸಾಬೂನು ಇಲ್ಲಿ ನೊರೆಯೇ ಬಿಡದಿರಬಹುದು. ಭಾರತದಲ್ಲಿ ಕೊಡುವ ಪ್ರಶಸ್ತಿ ಭಾರತದ ಮೈಬಣ್ಣ, ಕೂದಲು, ನೀರು, ಹವೆಗಳಲ್ಲಿ ಪರೀಕ್ಷಿಸಿದ್ದೇವೆ ಎಂದು ಬರೆದು ಹೇಳಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಇಷ್ಟೆಲ್ಲ ಖರ್ಚನ್ನು ಯಾರು ಭರಿಸುತ್ತಾರೆ, ಶುಲ್ಕವಿಲ್ಲದೆ ಪ್ರಶಸ್ತಿ ನಡೆದೀತೆ ಎಂಬುದು ಸಂಘಟಕರ ಪ್ರಶ್ನೆ. ನಡೆಸಿದವರಿದ್ದಾರೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 1936ರಿಂದಲೂ ಜಾಹೀರಾತು ತೆಗೆದುಕೊಳ್ಳದೆ, ಪರೀಕ್ಷಿಸುವ ವಸ್ತುಗಳನ್ನು ಅಂಗಡಿಯಿಂದ ತಾನೇ ಕೊಂಡು ತಂದು ಬದುಕಿದೆ. ಅಂಗಡಿಯಿಂದ ಕೊಳ್ಳುವುದರಲ್ಲಿ ಇನ್ನೊಂದು ಲಾಭವೂ ಇದೆ: ಪ್ರಶಸ್ತಿಗೆಂದೇ ವಿಶೇಷವಾಗಿ ತಯಾರಿಸಿದ ಮಾದರಿ ನುಸುಳುವುದಿಲ್ಲ. ಎಲ್ಲ ಪ್ರಶಸ್ತಿಗಳೂ ಆ ದಾರಿ ಹಿಡಿಯಲಾರವು ಎಂಬುದನ್ನು ಒಪ್ಪೋಣ. ಪ್ರವೇಶ ಶುಲ್ಕವೇ ಪಾಪವೂ ಅಲ್ಲ. ಪ್ರಯೋಗಾಲಯಕ್ಕೆ ದುಡ್ಡು ಬೇಕು. ಆದರೆ ಗೆದ್ದವರಿಂದಲೇ ಹೆಚ್ಚು ವರಮಾನ ಬರುವಂತಿದ್ದರೆ ಗೆಲ್ಲುವವರ ಸಂಖ್ಯೆ ಬೆಳೆಯುತ್ತ ಹೋಗುವುದು ಸಹಜ, ವಿಭಾಗಗಳೂ ಬೆಳೆಯುತ್ತವೆ. ಶುಲ್ಕ ಎಷ್ಟು, ಬಂದ ಉತ್ಪನ್ನಗಳೆಷ್ಟು, ಪದಕ ಪಡೆದವು ಎಷ್ಟು ಎಂದು ಪ್ರಕಟಿಸಿದರೆ ಓದುವವರು ತಾವೇ ತೂಗಿ ನೋಡುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ನೆಲೆ ಸಿದ್ಧವಾಗಿದೆ. ಜಾಹೀರಾತು ಕ್ಷೇತ್ರದ ಸ್ವಯಂನಿಯಂತ್ರಣ ಸಂಸ್ಥೆ ಆಸ್ಕಿ, ಪ್ರಶಸ್ತಿ ಮತ್ತು ಶ್ರೇಯಾಂಕಗಳನ್ನು ಜಾಹೀರಾತಿನಲ್ಲಿ ಬಳಸುವುದಕ್ಕೆ ಪ್ರತ್ಯೇಕ ಮಾರ್ಗಸೂಚಿ ಮಾಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದೇ ಕಾಯ್ದೆಯಡಿ ಬಂದ 2022ರ ಮಾರ್ಗಸೂಚಿಯ ಪ್ರಕಾರ ಶಿಫಾರಸು ಮಾಡುವವರು ಕಂಪನಿಯ ಜೊತೆಗಿನ ತಮ್ಮ ಹಣಕಾಸಿನ ನಂಟನ್ನು ತಿಳಿಸಬೇಕು. ಮುದ್ರೆ ಕೊಡುವವರೂ ಶಿಫಾರಸು ಮಾಡುವವರೇ ಅಲ್ಲವೆ?

ತಜ್ಞರೇ ಯಾಕೆ ಬೇಕು, ಬಳಸಿದ ಲಕ್ಷಾಂತರ ಜನ ಅಂತರ್ಜಾಲದಲ್ಲಿ ನಕ್ಷತ್ರ ಕೊಟ್ಟಿದ್ದಾರಲ್ಲ ಎಂಬ ವಾದ ಈಚೆಗೆ ಜೋರಾಗಿದೆ. ಜನರ ಅನುಭವಕ್ಕೆ ಬೆಲೆಯಿದೆ, ಆದರೆ ಆ ನಕ್ಷತ್ರಗಳ ಹಿಂದೆ ಇರುವವರು ಯಾರೆಂದು ಗೊತ್ತಾಗುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಸಂಡೇ ರೈಲಿ ಎಂಬ ಸೌಂದರ್ಯವರ್ಧಕ ಕಂಪನಿಯ ವಿರುದ್ಧ, ತನ್ನ ನೌಕರರಿಂದಲೇ ಸುಳ್ಳು ಹೆಸರಿನಲ್ಲಿ ಮೆಚ್ಚುಗೆ ಬರೆಸಿತು ಎಂಬ ಆರೋಪ ಹೊರಿಸಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಹೆಸರು ಹೇಳಿಕೊಂಡು, ಅಂಕಪಟ್ಟಿಗೆ ಸಹಿ ಹಾಕಿ, ಪ್ರಶ್ನಿಸಿದಾಗ ಉತ್ತರ ಕೊಡುವ ತೀರ್ಪುಗಾರರ ಅಗತ್ಯ ಇಂಥ ಪ್ರಸಂಗಗಳಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ವೃತ್ತಿಪರ ಮನ್ನಣೆಯ ಬೆಲೆ ಕೊಳ್ಳುವವರಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಒಂದು ಕ್ರೀಮು ಹಾಳಾಗದೆ, ಒಡೆಯದೆ, ಉರಿ ತರದೆ ಎರಡು ವರ್ಷ ಇರುವಂತೆ ಮಾಡುವುದು ರಸಾಯನ ವಿಜ್ಞಾನಿಗಳ ಕೆಲಸ. ಜಾಹೀರಾತಿನಲ್ಲಿ ಕಾಣುವುದು ನಟಿಯ ಮುಖ. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ಮೈಸೂರು ಸ್ಯಾಂಡಲ್ ಸಾಬೂನನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಜನ ಸೋಪ್ ಶಾಸ್ತ್ರಿ ಎಂದು ಕರೆದು ನೆನಪಿಟ್ಟುಕೊಂಡರು. ಈ ಕಸುಬಿನಲ್ಲಿ ಅಂಥ ಭಾಗ್ಯ ಬಹಳ ಅಪರೂಪ. 1959ರಲ್ಲಿ ಹುಟ್ಟಿದ, ಸೌಂದರ್ಯವರ್ಧಕ ವಿಜ್ಞಾನಿಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಸಮ್ಮೇಳನದಲ್ಲಿ ಒಳ್ಳೆಯ ಸಂಶೋಧನೆಗೆ ಬಹುಮಾನ ಕೊಡುತ್ತದೆ. ಅಲ್ಲಿ ಗೌರವ ಸಲ್ಲುವುದು ಕೆಲಸಕ್ಕೆ, ಅದನ್ನು ಕೊಡುವವರು ಅದೇ ಕಸುಬಿನವರು. ಉತ್ಪನ್ನ ಪ್ರಶಸ್ತಿಗಳೂ ಪೊಟ್ಟಣದ ಹೆಸರಿನ ಜೊತೆಗೆ ಅದನ್ನು ರೂಪಿಸಿದವರ ಹೆಸರನ್ನು ಘೋಷಿಸಬಹುದು. ಜಾಹೀರಾತಿಗೆ ಹಣವಿಲ್ಲದ ಸಣ್ಣ ತಯಾರಕರಿಗಂತೂ, ಮನೆಯಂಗಳದಲ್ಲಿ ಸಾಬೂನು, ಎಣ್ಣೆ ಮಾಡುವ ಸ್ತ್ರೀಶಕ್ತಿ ಗುಂಪುಗಳಿಗಂತೂ, ನಂಬಲರ್ಹವಾದ ಒಂದು ಮನ್ನಣೆ ದೊಡ್ಡ ಅಂಗಡಿಯ ಕಪಾಟಿಗೆ ದಾರಿ ಮಾಡಿಕೊಡುತ್ತದೆ. ಅಂಥವರಿಗೆ ಶುಲ್ಕದಲ್ಲಿ ರಿಯಾಯಿತಿ ಇರಬೇಕು. ಗೆಲ್ಲದವರಿಗೂ ತೀರ್ಪುಗಾರರ ಟಿಪ್ಪಣಿ ಸಮೇತ ಪೂರ್ತಿ ಅಂಕಪಟ್ಟಿ ಕೈಸೇರಬೇಕು. ಪರಿಮಳ ಬೇಗ ಇಳಿಯುತ್ತದೆ, ತೊಳೆದ ಮೇಲೆ ಚರ್ಮ ಬಿಗಿಯುತ್ತದೆ, ಮುಚ್ಚಳ ಸೋರುತ್ತದೆ ಎಂದು ತಿಳಿದವರು ಬರೆದುಕೊಟ್ಟರೆ ಮುಂದಿನ ಸಲದ ಪಾಕವನ್ನು ತಿದ್ದಿಕೊಳ್ಳಲು ಅವರಿಗೆ ಬೇಕಾದದ್ದು ಅದರಲ್ಲೇ ಇರುತ್ತದೆ.