10,000 ಗಂಟೆ ಅಭ್ಯಾಸ ಮಾಡಿದರೆ ಯಾರಾದರೂ ಗಾಲ್ಫ್ ಚಾಂಪಿಯನ್ ಆಗಬಹುದೇ?

‘ಯಾವ ವಿದ್ಯೆಯಾದರೂ ಸರಿ, 10,000 ಗಂಟೆ ಅಭ್ಯಾಸ ಮಾಡಿ, ನೀವೇ ಚಾಂಪಿಯನ್’ ಎಂಬರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ನಲವತ್ತು ದಾಟಿದ ಮೇಲೆ ಗಾಲ್ಫ್ ಸ್ಟಿಕ್ ಹಿಡಿದವರು ಇದನ್ನು ನಂಬಿದರೆ ಏನಾಗುತ್ತದೆ? ಉಡುಪಿ, ಮಣಿಪಾಲ, ಕಾಪು, ಕಾರ್ಕಳದಿಂದ ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಹೋಗಿಬರಲು ಎರಡು ಗಂಟೆಯಾದರೂ ಬೇಕು. ವಾರಕ್ಕೆ ಐದು ಗಂಟೆ ಅಭ್ಯಾಸ ಮಾಡಿದರೂ 10,000 ಮುಟ್ಟಲು 38 ವರ್ಷ ಹಿಡಿಯುತ್ತದೆ! ದುಡ್ಡು, ಸಮಯ, ಬೆನ್ನು ಮೂರನ್ನೂ ಪಣಕ್ಕಿಡುವ ಮೊದಲು ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಈ ಸಂಖ್ಯೆ ಬಂದದ್ದು ಎಲ್ಲಿಂದ?

1993ರಲ್ಲಿ ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅತ್ಯುತ್ತಮರ ಗುಂಪು 20ನೇ ವಯಸ್ಸಿಗೆ ಸರಾಸರಿ 10,000 ಗಂಟೆಯಷ್ಟು ಅಭ್ಯಾಸ ಮಾಡಿತ್ತು. ಗಮನಿಸಿ, ಇದು ಸರಾಸರಿ ಮಾತ್ರ. 2008ರಲ್ಲಿ ಮಾಲ್ಕಮ್ ಗ್ಲಾಡ್‌ವೆಲ್ ಅವರ ‘ಔಟ್‌ಲೈಯರ್ಸ್’ ಪುಸ್ತಕದಿಂದ ಅದು ‘ನಿಯಮ’ವಾಗಿ ಪ್ರಸಿದ್ಧವಾಯಿತು. ಸ್ವತಃ ಎರಿಕ್ಸನ್ ಅದನ್ನು ಒಪ್ಪಲಿಲ್ಲ.

ನಮ್ಮೂರಲ್ಲೂ ಹೀಗೆ ಆಗಿದೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ಭಾಗಾಕಾರ ಮಾಡಿ, 100 ಮೀಟರ್‌ಗೆ 9.55 ಸೆಕೆಂಡ್, ಬೋಲ್ಟ್‌ಗಿಂತ ವೇಗ ಎಂದರು. ಸಂಖ್ಯೆ ಸರಿಯಿತ್ತು, ಹೋಲಿಕೆ ಸರಿಯಿರಲಿಲ್ಲ. 10,000 ಗಂಟೆಯ ಕಥೆಯೂ ಅಷ್ಟೇ.

ಗಾಲ್ಫ್‌ನಲ್ಲಿ ಪರೀಕ್ಷಿಸಿದವರಿದ್ದಾರೆಯೇ?

ಇದ್ದಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಛಾಯಾಗ್ರಾಹಕ ಡ್ಯಾನ್ ಮೆಕ್‌ಲಾಕ್ಲಿನ್ 2010ರಲ್ಲಿ, ತಮ್ಮ 30ನೇ ವಯಸ್ಸಿನಲ್ಲಿ, ಕೆಲಸ ಬಿಟ್ಟು ಗಾಲ್ಫ್ ಅಭ್ಯಾಸಕ್ಕಿಳಿದರು. ಗುರಿ 10,000 ಗಂಟೆ, ಕನಸು ವೃತ್ತಿಪರ ಆಟಗಾರನಾಗುವುದು. ಹ್ಯಾಂಡಿಕ್ಯಾಪ್ 2.6ಕ್ಕೆ ಇಳಿಯಿತು, ಇದು ಹವ್ಯಾಸಿಗಳಲ್ಲಿ ತೀರಾ ಅಪರೂಪದ ಸಾಧನೆ. ಆದರೆ ಸುಮಾರು 6,000 ಗಂಟೆಯ ಹೊತ್ತಿಗೆ ಬೆನ್ನು ಕೈಕೊಟ್ಟಿತು, ಯೋಜನೆ ಅಲ್ಲಿಗೇ ನಿಂತಿತು.

2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ರೀಡೆಯಲ್ಲಿ ಆಟಗಾರರ ನಡುವಿನ ವ್ಯತ್ಯಾಸದಲ್ಲಿ ಶೇ 18ರಷ್ಟನ್ನು ಮಾತ್ರ ಅಭ್ಯಾಸ ವಿವರಿಸುತ್ತದೆ ಎಂದು ಕಂಡುಬಂತು. ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿಗೇ ಗಾಲ್ಫ್ ಶುರು ಮಾಡಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಅವರ ಗಂಟೆಗಳನ್ನೂ ನಮ್ಮ ಗಂಟೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹ್ಯಾಂಡಿಕ್ಯಾಪ್ ಎಂದರೇನು?

ನಿಗದಿತ ಹೊಡೆತಗಳಿಗಿಂತ (ಸಾಮಾನ್ಯವಾಗಿ 72) ನೀವು ಎಷ್ಟು ಹೆಚ್ಚು ಹೊಡೆಯುತ್ತೀರಿ ಎಂಬುದರ ಅಂದಾಜು. ನಿಮ್ಮ ಕೊನೆಯ 20 ಸುತ್ತುಗಳಲ್ಲಿ ಉತ್ತಮವಾದ 8ರ ಸರಾಸರಿಯಿಂದ ಅದನ್ನು ಲೆಕ್ಕಹಾಕುತ್ತಾರೆ. 25 ಇದ್ದರೆ, ಆಟ ಕೈಹಿಡಿದ ದಿನ ಸುಮಾರು 97 ಹೊಡೆತ ಎಂದರ್ಥ. ಗರಿಷ್ಠ ಮಿತಿ 54. ಹಾಗಾಗಿ ಒಂದು ಭಾನುವಾರ ಕೆಟ್ಟದಾಗಿ ಆಡಿದಿರೆಂದು ಹೊಸ ಸ್ಟಿಕ್ ಖರೀದಿಸಲು ಓಡಬೇಡಿ.

ಹಾಗಾದರೆ ಸುಧಾರಿಸುವುದು ಹೇಗೆ?

1. ಹೊಡೆತ ಎಲ್ಲಿ ಪೋಲಾಗುತ್ತಿದೆ ಎಂದು ಬರೆದಿಡಿ. ಚೆಂಡು ಗಡಿಯಾಚೆ ಹೋದರೆ ದಂಡವಾಗಿ ಒಂದು ಹೊಡೆತ ಸೇರುತ್ತದೆ, ಮತ್ತೆ ಅಲ್ಲಿಂದಲೇ ಹೊಡೆಯಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಅವರ ವಿಶ್ಲೇಷಣೆಯ ಪ್ರಕಾರ, ಒಳ್ಳೆಯ ಮತ್ತು ಸಾಧಾರಣ ಆಟಗಾರರ ನಡುವಿನ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ 100 ಗಜಕ್ಕಿಂತ ದೂರದ ಹೊಡೆತಗಳಿಂದ ಬರುತ್ತದೆ. ‘ಪಟಿಂಗ್ ಒಂದೇ ಸಾಕು’ ಎಂಬ ಉಪದೇಶವೂ ಅರ್ಧಸತ್ಯವೇ.

2. ಬದಲಾಯಿಸಿ ಬದಲಾಯಿಸಿ ಅಭ್ಯಾಸ ಮಾಡಿ. ಒಂದೇ ಸ್ಟಿಕ್‌ನಿಂದ ಐವತ್ತು ಚೆಂಡು ಹೊಡೆದಾಗ ‘ಕಲಿತೆ’ ಎನಿಸುತ್ತದೆ. 1986ರಲ್ಲಿ ಬ್ಯಾಡ್ಮಿಂಟನ್ ಸರ್ವ್ ಮೇಲೆ ನಡೆದ ಪ್ರಯೋಗದಲ್ಲಿ, ಬೇರೆ ಬೇರೆ ಸರ್ವ್‌ಗಳನ್ನು ಬೆರೆಸಿ ಅಭ್ಯಾಸ ಮಾಡಿದವರೇ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪ್ರತಿ ಹೊಡೆತಕ್ಕೂ ಗುರಿ, ಸ್ಟಿಕ್ ಬದಲಿಸಿ.

3. ಚೆಂಡನ್ನು ಎತ್ತಲು ಹೋಗಬೇಡಿ. ಮೇಲೇರಿಸುವ ಕೆಲಸವನ್ನು ಸ್ಟಿಕ್ ತಲೆಯ ಓರೆಯೇ ಮಾಡುತ್ತದೆ. ನೀವು ಎತ್ತಲು ಹೊರಟರೆ ಸ್ಟಿಕ್ ಚೆಂಡಿನ ನೆತ್ತಿಗೆ ಬಡಿಯುತ್ತದೆ, ಚೆಂಡು ನೆಲದಲ್ಲೇ ಉರುಳುತ್ತದೆ.

4. ಪಟಿಂಗ್ ಮನೆಯಲ್ಲೇ ಆಗುತ್ತದೆ. ಚಾಪೆ, ಒಂದು ಲೋಟ, ದಿನಕ್ಕೆ ಹತ್ತು ನಿಮಿಷ ಸಾಕು.

5. ಬೆನ್ನು ಜೋಪಾನ. ಹವ್ಯಾಸಿ ಗಾಲ್ಫ್ ಆಟಗಾರರನ್ನು ಹೆಚ್ಚಾಗಿ ಕಾಡುವುದು ಕೆಳಬೆನ್ನಿನ ನೋವು. ಆಟಕ್ಕೆ ಮೊದಲು ಮೈ ಸಡಿಲಿಸಿಕೊಳ್ಳಿ. ನೋವು ಶುರುವಾದರೆ ನಿಲ್ಲಿಸಿ, ವೈದ್ಯರನ್ನು ಕಾಣಿ.

ತೀರ್ಮಾನ

ಅಭ್ಯಾಸದಿಂದ ಆಟ ಸುಧಾರಿಸುತ್ತದೆ ಎಂಬುದು ನಿಜ. 10,000 ಗಂಟೆಗೆ ಯಾರು ಬೇಕಾದರೂ ಚಾಂಪಿಯನ್ ಎಂಬುದು ಸುಳ್ಳು. 25ರಿಂದ 18ಕ್ಕೆ ಇಳಿಯಲು ಚಾಂಪಿಯನ್ ಆಗಬೇಕಿಲ್ಲ, ಇರುವ ಐದು ಗಂಟೆಯನ್ನು ಯೋಚಿಸಿ ಬಳಸಿದರೆ ಆ ದಾರಿ ಹಿಡಿಯಬಹುದು. ಮುಂದಿನ ಸಲ ಆ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ‘ಇದು ಯಾರ ಸರಾಸರಿ?’ ಎಂದು ಒಮ್ಮೆ ಕೇಳಿ.